ತಂತಿಗೆ ಚುಚ್ಚದ ಕಾಗದ

ಗೋಡೆಯಿಂದ ಹಳೆಯ ತಂತಿಯೊಂದನ್ನು ಕಿತ್ತೆ, ಕೈಗೆಲ್ಲ ತುಕ್ಕಿನ ವಾಸನೆ. ಎರಡು ಸಲ ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ. ಈ ತಂತಿಯ ಪರಿಚಯ ನಿಮಗೂ ಇರಬಹುದು. ಮೇಲೆ ಕೊಕ್ಕೆ, ಕೆಳಗೆ ಮರದ ಬಿಲ್ಲೆ. ಬಂದ ಕಾಗದಗಳನ್ನೆಲ್ಲ ಚುಚ್ಚಿ ನೇತುಹಾಕುವುದು. ಮಾನಂದವಾಡಿಯ ನಮ್ಮ ಬೆಳೆಗಾರರ ಸಂಘದ ಕಚೇರಿಗೆ ಸುಣ್ಣ ಬಳಿಯುವುದಿತ್ತು, ಅದಕ್ಕೇ ಕಿತ್ತೆ. ಅದೇ ವಾರ ಹಳೆಯ ಮೇಲ್ ಸರ್ವರನ್ನೂ ತೆಗೆದು ಹೊಸದನ್ನು ಕೂರಿಸಬೇಕಿತ್ತು. ಎರಡೂ ನನ್ನ ಪಾಲಿಗೇ ಬಂದವು, ಏಕೆಂದರೆ ಅಲ್ಲಿ ಏಣಿ ಹತ್ತುವವನೂ ಕಂಪ್ಯೂಟರ್ ಬಲ್ಲವನೂ ನಾನೊಬ್ಬನೇ.

ತಂತಿ ಪದ್ಮಕ್ಕನದು. ಸಂಘದ ಟಪಾಲು ನೋಡಿಕೊಳ್ಳುತ್ತಿದ್ದವರು ಅವರು, ವೆಳ್ಳಮುಂಡದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನ್ನನ್ನು ಮಾತ್ರ ಮಲಯಾಳದಲ್ಲಿ ‘ಮೋನೆ’, ಅಂದರೆ ಮಗನೇ, ಎಂದು ಕರೆಯುತ್ತಿದ್ದರು. ಮನೆಮಾತು ಕನ್ನಡವಾಗಿದ್ದವರು ಕಚೇರಿಯಲ್ಲಿ ನಾವಿಬ್ಬರೇ, ಉಳಿದವರೆಲ್ಲ ಮಲಯಾಳಿಗಳು. ಹಾಗಾಗಿ ಕಾರ್ಯದರ್ಶಿಯನ್ನು ಅವರ ಎದುರಿಗೇ ಧೈರ್ಯವಾಗಿ ಬೈಯುತ್ತಿದ್ದೆವು. ಕಾರ್ಯದರ್ಶಿಗೆ ಕನ್ನಡವೆಲ್ಲ ಅರ್ಥವಾಗುತ್ತಿತ್ತೆಂದು ಅವರು ನಿವೃತ್ತರಾದ ದಿನ ಗೊತ್ತಾಯಿತು.

ಪದ್ಮಕ್ಕನ ತಂತಿಯಲ್ಲಿ ಹೊಸ ಕಾಗದ ಯಾವಾಗಲೂ ಮೇಲೆ. ಹಳೆಯದು ಬೇಕೆಂದರೆ ಮೇಲಿನವನ್ನೆಲ್ಲ ಸಾಲಾಗಿ ಮೇಜಿನ ಮೇಲಿಟ್ಟು, ಬೇಕಾದದ್ದನ್ನು ತೋರಿಸಿ, ಮತ್ತೆ ಅದೇ ಸಾಲಿನಲ್ಲಿ ಚುಚ್ಚುತ್ತಿದ್ದರು. ಬೇರೆಯವರು ಮುಟ್ಟುವಂತಿರಲಿಲ್ಲ. ಒಂದು ಜಾತಿಯ ಕಾಗದ ಮಾತ್ರ ಆ ತಂತಿಗೆ ಏರುತ್ತಿರಲಿಲ್ಲ. ಸಾವಿನ ಸುದ್ದಿ ತಂದ ಕಾಗದವನ್ನು ನಮ್ಮ ಕಡೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಓದಿ ಹರಿದುಬಿಡುತ್ತಾರೆ. ಪದ್ಮಕ್ಕ ಇನ್ನೂ ಒಂದು ಹೆಜ್ಜೆ ಮುಂದೆ. ಕಚೇರಿಯಲ್ಲೂ ಸಾವಿನ ಮಾತು ಕಣ್ಣಿಗೆ ಬಿದ್ದಲ್ಲಿಗೇ ಓದು ನಿಲ್ಲಿಸಿ ಹರಿಯುವವರು.

ಸಂಘಕ್ಕೆ ಸ್ವಂತ ಮೇಲ್ ಸರ್ವರ್ ಬೇಕೆಂದು ತೀರ್ಮಾನವಾದಾಗ ನನಗೆ ಎದುರಾದ ಮೊದಲ ಪ್ರಶ್ನೆ, ಬಂದ ಪತ್ರಗಳನ್ನು ಯಾವ ರೂಪದಲ್ಲಿ ಕೂಡಿಡುವುದು ಎಂಬುದು. ದಾರಿ ಎರಡು. ಒಬ್ಬೊಬ್ಬರ ಪತ್ರಗಳನ್ನೆಲ್ಲ ಒಂದರ ಬಾಲಕ್ಕೆ ಒಂದು ಅಂಟಿಸಿ ಒಂದೇ ಉದ್ದನೆಯ ಕಡತ ಮಾಡುವುದು ಒಂದು, ಅದರ ಹೆಸರು ‘ಎಂಬಾಕ್ಸ್’. ಒಂದೊಂದು ಪತ್ರಕ್ಕೂ ಒಂದೊಂದು ಕಡತ ಮಾಡುವುದು ಮೇಲ್‌ಡಿರ್. ಬಲ್ಲವರು ಎರಡನೆಯದೇ ಒಳ್ಳೆಯದೆನ್ನುತ್ತಿದ್ದರು. ನಾನು ಪದ್ಮಕ್ಕನ ತಂತಿ ನೋಡಿ ಬೆಳೆದವನು, ಮೊದಲನೆಯದನ್ನೇ ಆರಿಸಿಕೊಂಡೆ. ಒಂದೇ ಕಡತವಾದರೆ ನಕಲು ತೆಗೆಯುವುದು ಸುಲಭ ಎಂದು ಕಾರ್ಯದರ್ಶಿಗೆ ಹೇಳಿದೆ. ನಿಜವಾದ ಕಾರಣ ಸೋಮಾರಿತನ, ಅದನ್ನು ಹೇಳಲಿಲ್ಲ.

ಪದ್ಮಕ್ಕನಿಗೊಬ್ಬಳು ಅಕ್ಕ, ರತ್ನಕ್ಕ. ಕೊಟ್ಟದ್ದು ಎಚ್.ಡಿ. ಕೋಟೆ ಕಡೆಗೆ. ತಾಯಿ ಅಲ್ಲೇ ಇದ್ದರು. ಅವರು ಹಾಸಿಗೆ ಹಿಡಿದಾಗ ಇಲ್ಲಿ ಸಂಘದ ವಾರ್ಷಿಕ ಸಭೆ. ನಾಲ್ಕು ದಿನ ಬಿಟ್ಟು ಹೋದರಾಯಿತೆಂದು ಪದ್ಮಕ್ಕ ಉಳಿದರು, ತಾಯಿ ಮೂರನೆಯ ದಿನ ತೀರಿಹೋದರು. "ಇನ್ನು ನನ್ನ ಹೊಸ್ತಿಲು ತುಳೀಬೇಡ" ಎಂದಳಂತೆ ರತ್ನಕ್ಕ. ಪದ್ಮಕ್ಕ ತುಳಿಯಲಿಲ್ಲ. ಹನ್ನೊಂದು ವರ್ಷ ಇಬ್ಬರಲ್ಲಿ ಮಾತಿಲ್ಲ, ಕಾಗದವಿಲ್ಲ.

ಆಮೇಲೊಂದು ದಿನ ಸಂಘದ ವಿಳಾಸಕ್ಕೆ ರತ್ನಕ್ಕನ ಮಗಳ ಮೇಲ್ ಬಂತು. ನಾವು ಅಚ್ಚು ಹಾಕಿಸಿದ ಕ್ಯಾಲೆಂಡರ್ ಹೇಗೋ ಅವಳ ಕೈಸೇರಿ, ಅದರಲ್ಲಿ ವಿಳಾಸ ಸಿಕ್ಕಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಪದ್ಮಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓದಿದೆ. "ಚಿಕ್ಕಮ್ಮ, ಅಮ್ಮ ಸೋಮವಾರ ತೀರಿಕೊಂಡರು..."

ಪದ್ಮಕ್ಕ ಕೈ ಎತ್ತಿದರು. "ಸಾಕು ಮೋನೆ. ಹರಿದುಬಿಡು."

"ಇನ್ನೂ ಇದೆ ಪದ್ಮಕ್ಕ."

"ಹರಿ ಅಂದೆ ಅಲ್ವಾ."

ಅಳಿಸುವ ಗುಂಡಿ ಒತ್ತಿದೆ, ಪತ್ರ ಪರದೆಯಿಂದ ಹೋಯಿತು. ಅವರು ಎದ್ದು ಮುಖ ತೊಳೆದು ಬಂದು ಮತ್ತೆ ಟಪಾಲು ಚುಚ್ಚಲು ಕೂತರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತು ಹೇಳಿದರು, "ಕೋಪ ಇಟ್ಕೊಂಡೇ ಹೋದ್ಲು." ಉಳಿದದ್ದನ್ನು ನಾನಾದರೂ ಮನಸ್ಸಿನಲ್ಲೇ ಓದಿಕೊಳ್ಳಬಹುದಿತ್ತು. ಓದಲಿಲ್ಲ. ಹೇಳಿದ ಕೆಲಸ ಚುರುಕಾಗಿ ಮಾಡಿದೆನೆಂಬ ಹೆಮ್ಮೆಯಲ್ಲಿದ್ದೆ.

ಈಗ ಈ ವಾರಕ್ಕೆ ಬರೋಣ. ಹೊಸ ಸರ್ವರ್ ಅದೇ ಹಳೆಯ ಪ್ರಶ್ನೆ ಕೇಳಿತು. ಈ ಸಲ ಬುದ್ಧಿ ಬಂದು ಮೇಲ್‌ಡಿರ್ ಎಂದೆ. ಹಳೆಯ ಉದ್ದನೆಯ ಕಡತವನ್ನು ಬಿಡಿಸಿ ಪತ್ರಗಳನ್ನು ಒಂದೊಂದಾಗಿ ಬೇರೆ ಮಾಡಲು ಬಿಟ್ಟೆ. ಅದು ಮುಗಿದಾಗ ಕೆಲವು ಕಡತಗಳ ಹೆಸರಿನ ತುದಿಯಲ್ಲಿ ‘ಟಿ’ ಎಂಬ ಅಕ್ಷರವಿತ್ತು. ಅಳಿಸಿದ್ದು ಎಂದು ಅದರ ಅರ್ಥ. ನೋಡಿ, ಒಂದೇ ಕಡತದ ಪದ್ಧತಿಯಲ್ಲಿ ಅಳಿಸೆಂದರೆ ಪತ್ರ ಕೂಡಲೇ ಹೋಗುವುದಿಲ್ಲ. ಗುರುತು ಹಾಕಿಸಿಕೊಂಡು ಅಲ್ಲೇ ಕೂತಿರುತ್ತದೆ. ಆಗಾಗ ಇಡೀ ಕಡತವನ್ನು ಹೊಸದಾಗಿ ಬರೆಸಿ ಅಂಥವನ್ನು ಹೊರಹಾಕುವುದು ನನ್ನ ಕೆಲಸವಾಗಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ.

‘ಟಿ’ಗಳೆಲ್ಲ ಗೊಬ್ಬರದ ಜಾಹೀರಾತುಗಳೇ ಇರಬೇಕೆಂದುಕೊಂಡು, ಒಟ್ಟಿಗೆ ತೆಗೆದುಹಾಕುವ ಮೊದಲು ನಾಲ್ಕಾರನ್ನು ತೆರೆದು ನೋಡಿದೆ. ಒಂದರ ತಲೆಬರಹ ‘ಚಿಕ್ಕಮ್ಮನಿಗೆ’ ಎಂದಿತ್ತು. ಪೂರ್ತಿ ಓದಿದೆ. ಪ್ರಿಂಟ್ ತೆಗೆದು ಹಾಳೆಯನ್ನು ಮಡಚಿಟ್ಟುಕೊಂಡೆ.

ಮರುದಿನ ವೆಳ್ಳಮುಂಡದ ಬಸ್ಸು ಹತ್ತಿದೆ. ಕೆಲಸದಿಂದ ನಿವೃತ್ತರಾಗಿ ಮನೆಯಲ್ಲೇ ಇದ್ದ ಪದ್ಮಕ್ಕ ಅಂಗಳದಲ್ಲಿ ಮೆಣಸು ಹರವುತ್ತಿದ್ದರು. ನಾನು ತಲೆತಗ್ಗಿಸಿ, "ಅವತ್ತು ಹರಿ ಅಂದಿದ್ರಲ್ಲ, ಆ ಕಾಗದ ಹರಿದಿರಲಿಲ್ಲ ಪದ್ಮಕ್ಕ" ಎಂದೆ. ನನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತ ನಿಂತರು. ಬೈಯುತ್ತಾರೆಂದುಕೊಂಡೆ.

"ಓದು" ಎಂದರು.

ಓದಿದೆ. "ಆಸ್ಪತ್ರೆಯಲ್ಲಿ ಅಮ್ಮ ದಿನಾ ನಿಮ್ಮನ್ನೇ ಕೇಳುತ್ತಿದ್ದರು. ‘ಹೊಸ್ತಿಲು ತುಳಿಯಬೇಡ ಅಂದದ್ದು ನನ್ನ ತಪ್ಪು, ಅವ್ವ ಹೋದ ಸಂಕಟಕ್ಕೆ ಬಾಯಿಗೆ ಬಂದದ್ದು ಅಂದೆ. ಪದ್ಮ ಬಂದರೆ ಬಾಗಿಲಲ್ಲಿ ನಿಲ್ಲಿಸಬೇಡ’ ಅಂದರು. ದಯವಿಟ್ಟು ಬನ್ನಿ ಚಿಕ್ಕಮ್ಮ. ಕಾಯುತ್ತೇನೆ."

ಪದ್ಮಕ್ಕ ಮೆಣಸಿನ ಪಕ್ಕದಲ್ಲೇ ಕೂತುಬಿಟ್ಟರು. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಪಾಪ ಆ ಕೂಸು, ಕಾದಿರ್ತಾಳೆ ಮೋನೆ" ಎಂದರು. ಆಮೇಲೆ ಹಾಳೆ ತೆಗೆದುಕೊಂಡು, ಒಮ್ಮೆ ಸವರಿ, ನಿಧಾನವಾಗಿ ಹರಿದರು. ಪದ್ಧತಿ ಪದ್ಧತಿಯೇ.

"ಕಂಪ್ಯೂಟರಿನಲ್ಲಿ ಇರೋದನ್ನೂ ತೆಗೀಲಾ? ಈಗ ಬೇರೆಬೇರೆ ಇಟ್ಟಿದೀನಿ, ಅದೊಂದೇ ಹೋಗ್ತದೆ" ಎಂದೆ.

ಪದ್ಮಕ್ಕ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಮನೇಲಿ ತಾನೇ ಇಟ್ಕೋಬಾರ್ದು? ಅದು ಆಪೀಸಲ್ವಾ. ಇರ್ಲಿ." ಎದ್ದವರೇ ಕೋಟೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದರು.

ಕಚೇರಿಗೆ ಬಂದು ಉಳಿದ ‘ಟಿ’ಗಳನ್ನೆಲ್ಲ ತೆಗೆದುಹಾಕಿದೆ. ಆ ಒಂದು ಕಡತದ ಹೆಸರಿನಿಂದ ಮಾತ್ರ ಕೊನೆಯ ಅಕ್ಷರವನ್ನು ಅಳಿಸಿದೆ. ಸುಣ್ಣ ಒಣಗಿದ ಮೇಲೆ ತಂತಿಯನ್ನೂ ಅದೇ ಮೊಳೆಗೆ ತಿರುಗಿ ನೇತುಹಾಕಿದೆ.