ಒಗೆಯುವ ಕಲ್ಲಿನ ಮೇಲೆ ಮೆಕ್ಸಿಕೋ ಅಡುಗೆ

ಡಿಪ್ಲೊಮಾ ಮುಗಿಸಿದ ಮೇಲೆ ನನಗೆ ಸಿಕ್ಕಿದ ಮೊದಲ ಕೆಲಸ ತಂತಿ ಸುತ್ತುವುದು. ತುಮಕೂರಿನ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೀಟಿನ ಶೆಡ್ಡು. ಇಸ್ತ್ರಿ ಪೆಟ್ಟಿಗೆಗೆ, ಗೀಸರಿಗೆ ಬೇಕಾದ ಕಾಯಿಲ್‌ಗಳನ್ನು ಅಲ್ಲಿ ತಯಾರಿಸುತ್ತಿದ್ದೆವು. ಏಳು ಜನ ಹೆಂಗಸರು, ಒಬ್ಬರು ಓನರು. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ವಾರವೆಲ್ಲ ಶಿರಾ ಗೇಟ್ ಹತ್ತಿರದ ಒಂದು ರೂಮಿನಲ್ಲಿ ಇರುತ್ತಿದ್ದೆ. ಶನಿವಾರ ಸಂಜೆ ಬಸ್ಸು ಹತ್ತಿ ಕುಣಿಗಲ್ಲಿನ ನಮ್ಮ ಮನೆಗೆ ಹೋಗಿ ಸೋಮವಾರ ಬೆಳಗ್ಗೆ ವಾಪಸ್ಸಾಗುತ್ತಿದ್ದೆ.

ಓನರು ಗುಬ್ಬಿಯವರು. ತೆಂಗಿನಕಾಯಿ ಮಂಡಿಯ ಮನೆತನ, ಹಣೆ ತುಂಬ ವಿಭೂತಿ, ಮಧ್ಯಾಹ್ನದ ಬುತ್ತಿಯಲ್ಲಿ ಮೊಸರನ್ನ. ಅವರು ಗಟ್ಟಿಯಾಗಿ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ. ಒಂದು ದಿನ ಅವರು ಒಂದು ರಟ್ಟಿನ ಡಬ್ಬ ಹೊತ್ತು ತಂದು ನನ್ನ ಟೇಬಲ್ ಮೇಲಿಟ್ಟರು. ಒಳಗೆ ಮೊಟ್ಟೆಯಾಕಾರದ ದಪ್ಪ ಪಿಂಗಾಣಿ ಪಾತ್ರೆ, ಅದು ಕೂರುವ ತಗಡಿನ ಗೂಡು, ಗಾಜಿನ ಮುಚ್ಚಳ.

"ಸ್ಲೋ ಕುಕ್ಕರ್ ಅಂತೆ ಕಣಮ್ಮ. ಬೆಳಗ್ಗೆ ಹಾಕಿ ಕೆಲಸಕ್ಕೆ ಹೋದ್ರೆ ಸಂಜೆ ಹೊತ್ಗೆ ಬೆಂದಿರುತ್ತಂತೆ. ಬೆಂಗಳೂರಿನವ್ರು ಒಬ್ರು ಇಲ್ಲಿ ಮಾಡ್ಸಿ ಮಾರ್ಬೇಕು ಅಂತವ್ರೆ. ಅಮೆರಿಕದ್ದು, ನಮ್ಮ ಕರೆಂಟಿಗೆ ಹಾಕಿದ್ರೆ ಸುಟ್ಟೋಯ್ತದೆ. ನಮ್ಮ ಕಾಯಿಲ್ ಹಾಕಿ ಎಂಟು ಗಂಟೆ ಓಡ್ಸಿ ನೋಡ್ಬೇಕು."

ಹಳೆಯ ಕಾಯಿಲ್ ಬಿಚ್ಚಿ, ನಮ್ಮ ವೋಲ್ಟೇಜಿಗೆ ಸರಿಯಾಗಿ ಹೊಸದನ್ನು ಸುತ್ತಿ ಕೂರಿಸಲು ನನಗೆ ಮೂರು ದಿನ ಬೇಕಾಯಿತು. ಮೊದಲು ನೀರು ಹಾಕಿ ಓಡಿಸಿದೆವು, ಸರಿಯಾಗಿ ಬಿಸಿಯಾಯಿತು. ಆದರೆ ಬೆಂಗಳೂರಿನವರಿಗೆ ನೀರಿನ ಲೆಕ್ಕ ಬೇಡ, ನಿಜವಾದ ಅಡುಗೆಯದೇ ಬೇಕು, ಅದೂ ಡಬ್ಬದ ಜೊತೆ ಬಂದ ಪುಸ್ತಕದಲ್ಲಿ ಗುರುತು ಹಾಕಿರುವುದೇ ಆಗಬೇಕು ಎಂದರಂತೆ. ಓನರು ಪುಸ್ತಕ ನನ್ನ ಮುಂದೆ ಹಿಡಿದರು. ಪೆನ್ನಿನಲ್ಲಿ ಟಿಕ್ ಹಾಕಿದ್ದ ಪುಟ ಓದಿದೆ.

"ಸಾರ್, ಇದು ಟಾಕೋ ಅಂತ, ಮೆಕ್ಸಿಕೋ ದೇಶದ್ದು. ಮುಸುಕಿನ ಜೋಳದ ತೆಳ್ಳನೆ ರೊಟ್ಟಿ ಒಳಗೆ ಮಾಂಸ ಇಟ್ಟು ಮಡಚ್ಕೊಂಡು ತಿನ್ನೋದು."

"ಯಾವ ಮಾಂಸ?"

"ಹಂದಿ, ಸಾರ್."

ಓನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರಿಗೆ ಸಿಟ್ಟು ಬಂದಿರಲಿಲ್ಲ. ದಾರಿ ಹುಡುಕುತ್ತಿದ್ದರು, ಅಷ್ಟೆ. ಕೊನೆಗೆ ಕೇಳಿದರು, "ನಿಮ್ಮನೇಲಿ ತಿಂತಾರೇನಮ್ಮ?"

"ಅಪ್ಪ ತಿಂತಾರೆ ಸಾರ್."

"ಹಂಗಾದ್ರೆ ನಿಮ್ಮೂರಲ್ಲೇ ಮಾಡ್ಕೊಂಡು ಬಂದ್ಬುಡು. ಅರ್ಧರ್ಧ ಗಂಟೆಗೆ ಎಷ್ಟು ಬಿಸಿ ಇತ್ತು ಅಂತ ಬರ್ಕೊ. ನಂಗೆ ಆ ಕಾಗದ ಕೊಟ್ರೆ ಸಾಕು, ಬೇರೇನೂ ತೋರ್ಸೋದು ಬೇಡ."

ಹೀಗೆ ಆ ಶನಿವಾರ ತೊಡೆಯ ಮೇಲೆ ಪಿಂಗಾಣಿ ಪಾತ್ರೆ ಇಟ್ಟುಕೊಂಡು ಕುಣಿಗಲ್ ಬಸ್ಸಿನಲ್ಲಿ ಕೂತೆ. ಪಕ್ಕದ ಹೆಂಗಸು ಮುಚ್ಚಳದ ಮೇಲೆ ಬೆರಳಿನಿಂದ ಕುಟ್ಟಿ, "ಮೀನು ಸಾಕೋದಾ?" ಎಂದು ಕೇಳಿದಳು.

ನಮ್ಮ ಮನೆಯಲ್ಲಿ ಹಂದಿಗೆ ಒಂದು ಕಾನೂನಿತ್ತು. ಕೋಳಿ, ಕುರಿ ಏನು ಬೇಕಾದರೂ ಅವ್ವ ಒಳಗೆ ಮಾಡುತ್ತಿದ್ದಳು, ಹಂದಿ ಮಾತ್ರ ಹೊಸಿಲು ದಾಟುವಂತಿರಲಿಲ್ಲ. ತಿಂಗಳಿಗೊಂದು ಭಾನುವಾರ ಅಪ್ಪ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿ, ಅಲ್ಲೇ ತಿಂದು, ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಕಾಂಪೌಂಡಿನ ಮೇಲೆ ಬೋರಲು ಹಾಕುತ್ತಿದ್ದ. ನಾನೂ ಅಲ್ಲೇ ನಿಂತು ಎರಡು ತುಂಡು ತಿಂದು ಬಾಯಿ ತೊಳೆದು ಒಳಗೆ ಹೋಗುತ್ತಿದ್ದೆ. ಅವ್ವನದು ದೇವರ ಹರಕೆ ಎಂದು ಅಜ್ಜಿ ಹೇಳುತ್ತಿದ್ದಳು. ಯಾವ ದೇವರು, ಏನು ಹರಕೆ ಎಂದು ಯಾರೂ ಕೇಳಿದ್ದಿಲ್ಲ.

ಅಪ್ಪ ಪುಸ್ತಕದ ಚಿತ್ರ ನೋಡಿ, "ಹಂದಿಗೆ ಎಂಟು ಗಂಟೆಯಾ? ನಾನು ಒಂದೂವರೆ ಗಂಟೆಲಿ ಮುಗಿಸ್ತೀನಿ" ಎಂದ. ಅವನು ಊರಿನ ಲೈನ್‌ಮನ್. ಬೆಂಕಿಯಿಲ್ಲದೆ ಕರೆಂಟಿನಲ್ಲಿ ಬೇಯುತ್ತದೆ ಎಂದ ಮೇಲೆ ಅವನಿಗೆ ಗೌರವ ಬಂತು. ಭಾನುವಾರ ಬೆಳಗ್ಗೆ ಬಚ್ಚಲುಮನೆಯಿಂದ ವೈರು ಎಳೆದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಪ್ಲಗ್ಗು ಮಾಡಿದ. ಒಂದೂವರೆ ಕೇಜಿ ಮಾಂಸ ತಂದ, ಪುಸ್ತಕದಲ್ಲಿ ಹೇಳಿದ ಹಾಗೆ ಮುಂಗಾಲಿನ ಮೇಲ್ಭಾಗದ್ದು.

ಉಳಿದ ಸಾಮಾನಿನದೇ ತೊಂದರೆ. ಜೀರಿಗೆ, ಬೆಳ್ಳುಳ್ಳಿ, ಈರುಳ್ಳಿ, ಒಣಮೆಣಸಿನಕಾಯಿ ಇದ್ದವು. ಹುಳಿ ಕಿತ್ತಳೆಯ ರಸ ಹಾಕಬೇಕು ಎಂದಿತ್ತು. ಅಪ್ಪ ಪಕ್ಕದವರ ಗಿಡದಿಂದ ಎರಡು ಹೇರಳೆಕಾಯಿ ಕಿತ್ತು ತಂದ. ಆರಿಗಾನೋ ಎಂದು ಒಂದಿತ್ತು. ಏನದು ಎಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ನಾನು ಡಿಕ್ಷನರಿ ತೆಗೆದು, ಅದೊಂದು ಘಮಘಮಿಸುವ ಸೊಪ್ಪು ಎಂದು ಓದಿ ಹೇಳಿದೆ. ಅಡುಗೆಮನೆಯ ಕಿಟಕಿಯಿಂದ ಅವ್ವನ ದನಿ ಬಂತು:

"ಮಾಂಸದ ವಾಸ್ನೆ ಮುರಿಯಕ್ಕೆ ಹಾಕದೇನೋ. ದೊಡ್ಡಪತ್ರೆ ಹಾಕ್ರಿ, ಅಲ್ಲೇ ಬಚ್ಚಲ ಪಕ್ಕ ಬೆಳ್ಕೊಂಡದೆ."

ಹಾಕಿದೆವು. ಎಷ್ಟೋ ವರ್ಷಗಳಾದ ಮೇಲೆ ತುಮಕೂರಿಗೆ ಪಿಜ್ಜಾ ಅಂಗಡಿ ಬಂದಾಗ ಆರಿಗಾನೋ ಪೊಟ್ಟಣ ಹರಿದು ಮೂಸಿ ನೋಡಿ ಒಬ್ಬಳೇ ನಕ್ಕೆ. ಅವ್ವ ಹೆಚ್ಚುಕಮ್ಮಿ ಸರಿಯಾಗೇ ಹೇಳಿದ್ದಳು.

ಎಂಟು ಗಂಟೆಗೆ ಸ್ವಿಚ್ ಹಾಕಿದೆವು. ಬಿಸಿ ಅಳೆಯುವ ಮೀಟರಿನ ತೆಳು ತಂತಿಯನ್ನು ಮುಚ್ಚಳದ ಕೆಳಗೆ ತೂರಿಸಿ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತ ಕೂತೆ. ಅಪ್ಪನಿಗೆ ಕೂರಲು ಆಗಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಂದು ಬಗ್ಗಿ ನೋಡುವುದು, ಮುಚ್ಚಳಕ್ಕೆ ಕೈ ಹಾಕುವುದು.

"ಅಪ್ಪಾ, ತೆಗೀಬಾರ್ದು ಅಂತ ಬರ್ದವ್ರೆ."

"ಸದ್ದೇ ಇಲ್ಲವಲ್ಲವ್ವಾ. ಬೇಯ್ತಾ ಐತೋ ನಿದ್ದೆ ಮಾಡ್ತಾ ಐತೋ?"

ಹನ್ನೊಂದೂಕಾಲಿಗೆ ಕರೆಂಟ್ ಹೋಯಿತು. ಪಾತ್ರೆಯ ಕೆಂಪು ದೀಪ ಆರಿತು. ಅಪ್ಪ ಒಮ್ಮೆ ಪಾತ್ರೆ ನೋಡಿದ, ಒಮ್ಮೆ ಕಂಬ ನೋಡಿದ. ಅವತ್ತು ಅವನಿಗೆ ರಜೆ. ರಜೆಯ ದಿನ ಬೀದಿಯವರು ಬಂದು ಎಷ್ಟು ಕೂಗಿದರೂ ಹಾಸಿಗೆಯಿಂದ ಏಳುತ್ತಿರಲಿಲ್ಲ. ಅವತ್ತು ಮಾತ್ರ ಯಾರೂ ಕರೆಯದೆ ಕಟಿಂಗ್ ಪ್ಲೇಯರು, ಕೈಗವಸು ಚೀಲಕ್ಕೆ ಹಾಕಿಕೊಂಡು ಮೊಪೆಡ್ ಹತ್ತಿದ. "ನೀನು ಮುಚ್ಚಳ ತೆಗೀಬ್ಯಾಡ, ಈಗ ಬಂದೆ" ಎಂದು ಹೋದ.

ಅಪ್ಪ ಹೋದ ಮೇಲೆ ಹಿತ್ತಲು ತಣ್ಣಗಾಯಿತು. ಅವ್ವ ಮೊರದಲ್ಲಿ ಅವರೆಕಾಯಿ ತಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಮೂಗೆತ್ತಿ ಗಾಳಿ ಎಳೆದುಕೊಂಡು, "ವಾಸ್ನೆ ಚೆನ್ನಾಗೈತೆ" ಎಂದಳು.

"ಹಿಂಗೆಲ್ಲ ಅನ್ನಬಹುದಾ? ಹರಕೆ ಇದೆಯಲ್ಲ."

ಅವ್ವ ರಸ್ತೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಯಾವ ಹರಕೇನೂ ಇಲ್ಲ ಕಣೇ."

ನಾನು ಪೆನ್ನು ಕೆಳಗಿಟ್ಟೆ.

"ಮದ್ವೆಯಾಗಿ ಬಂದ ಎರಡನೇ ವಾರ, ಹಂದಿ ತಂದ್ರು. ಹದಿನಾರು ಜನ ತಿಂದ್ರು. ಎಲ್ಲಾ ಕೈತೊಳ್ಕೊಂಡು ಹೋಗಿ ಜಗಲಿ ಮೇಲೆ ಮಲಿಕ್ಕಂಡ್ರು. ಹಂಡೆಯಂಥ ಪಾತ್ರೆ, ಕೊಬ್ಬು ಹೆಪ್ಪುಗಟ್ಕೊಂಡು ಕೂತೈತೆ. ಬಾವಿಯಿಂದ ನೀರು ಸೇದಿ ಸೇದಿ, ತೆಂಗಿನ ನಾರಲ್ಲಿ ತಿಕ್ಕಿ ತಿಕ್ಕಿ, ಹೊತ್ತು ಮುಳುಗ್ತು. ನಂಗೆ ತಿನ್ನಕ್ಕೆ ಒಂದು ತುಂಡು ಉಳಿಸಿರ್ಲಿಲ್ಲ ಕಣೇ. ಮುಂದಿನ ಸಲ ತಂದಾಗ, ಇದು ನನ್ನ ಅಡ್ಗೆಮನೆ ಒಳಕ್ಕೆ ಬರಂಗಿಲ್ಲ, ತಿಂದೋರು ಹೊರಗೇ ತೊಳ್ಕೊಳ್ಳಿ ಅಂದ್ಬುಟ್ಟೆ. ಹೊಸ ಸೊಸೆ ಹಿಂಗಂದ್ರೆ ಸುಮ್ನಿರ್ತಾರಾ? ಆದ್ರೆ ನಿಮ್ಮಜ್ಜಿ, ಏನೇ, ತವರಲ್ಲಿ ಹರಕೆ ಹೊತ್ಕೊಂಡಿದ್ಯಾ ಅಂತ ಕೇಳಿದ್ರು. ನಾನು ಹೂಂ ಅಂದೆ. ಅಷ್ಟೇಯ."

"ಅಪ್ಪಂಗೆ ಗೊತ್ತಾ?"

"ಇಪ್ಪತ್ತೈದು ವರ್ಷದಿಂದ ತನ್ನ ಪಾತ್ರೆ ತಾನೇ ತಿಕ್ತಾ ಅವ್ನೆ. ಯಾಕೆ ಹೇಳ್ಬೇಕು?" ಎಂದು ಅವ್ವ ಅವರೆಕಾಳನ್ನು ಮೊರಕ್ಕೆ ಉದುರಿಸಿದಳು. ಆಮೇಲೆ, "ನೀನೂ ಬಾಯಿ ಬಿಡಬ್ಯಾಡ" ಎಂದಳು.

ನನಗೆ ನಗು ಬರುತ್ತಿತ್ತು, ಅವಳ ಮುಖ ನೋಡಿದರೆ ಬರುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ಬಾವಿಕಟ್ಟೆಯ ಹತ್ತಿರ ಕೂತು ಸಂಜೆವರೆಗೆ ಪಾತ್ರೆ ತಿಕ್ಕಿದ್ದು ನನ್ನ ಕಣ್ಣಿಗೆ ಕಟ್ಟಿತು. ನಾನೂ ಹೋಗಿ ಅವಳ ಪಕ್ಕ ಕೂತು ಕಾಯಿ ಬಿಡಿಸಿದೆ.

ಒಂದೂಕಾಲು ಗಂಟೆ ಕಳೆದ ಮೇಲೆ ದೀಪ ಹತ್ತಿತು. ಕೆರೆ ಕಡೆ ತೆಂಗಿನ ಗರಿ ತಂತಿಗೆ ಬಿದ್ದಿತ್ತಂತೆ. ಅಪ್ಪ ಬೆವರಿಳಿಸಿಕೊಂಡು ಬಂದ. ಬೀದಿಯ ಇಬ್ಬರು ಗೇಟಿನವರೆಗೂ ಬಂದು, "ಭಾನುವಾರ ಇಷ್ಟು ಬೇಗ ಕರೆಂಟ್ ಬಂತಲ್ಲಣ್ಣ, ಏನ್ ವಿಶೇಷ?" ಎಂದು ಕೇಳಿದರು. ಅಪ್ಪ ಪಾತ್ರೆಗೆ ಅಡ್ಡ ನಿಂತು, "ಡ್ಯೂಟಿ" ಎಂದ.

ಎಂಟು ಗಂಟೆಯ ಲೆಕ್ಕ ತುಂಬುವ ಹೊತ್ತಿಗೆ ಸಂಜೆ ಐದೂಕಾಲು ದಾಟಿತ್ತು. ಕೊನೆಗೆ ಮುಚ್ಚಳ ತೆಗೆಯುವ ಹಕ್ಕು ಅಪ್ಪನಿಗೆ ಸಿಕ್ಕಿತು. ಆವಿಯ ಕೆಳಗೆ ಮಾಂಸ ತನ್ನದೇ ರಸದಲ್ಲಿ ಕಂದು ಬಣ್ಣಕ್ಕೆ ತಿರುಗಿ ಕೂತಿತ್ತು. ಎರಡು ಫೋರ್ಕಿನಿಂದ ಎಳೆ ಎಳೆಯಾಗಿ ಬಿಡಿಸಿ ಎಂದಿತ್ತು ಪುಸ್ತಕ. ನಮ್ಮಲ್ಲಿ ಫೋರ್ಕು ಎಲ್ಲಿಂದ ಬರಬೇಕು? ಅಪ್ಪ ಸೌಟಿನಿಂದ ಮುಟ್ಟಿದ್ದೇ ತಡ, ಅದು ತಾನಾಗಿ ನಾರುನಾರಾಗಿ ಬಿಟ್ಟುಕೊಂಡಿತು.

ರೊಟ್ಟಿಗೆ ಮುಸುಕಿನ ಜೋಳದ ಹಿಟ್ಟು ಬೇಕಿತ್ತು. "ದನಕ್ಕೆ ಕಲ್ಸೋ ಹಿಟ್ಟಲ್ಲಿ ರೊಟ್ಟಿ ತಟ್ಲಾ?" ಎಂದು ಅವ್ವ ಬೆಳಗ್ಗೆಯೇ ತಳ್ಳಿಹಾಕಿದ್ದಳು. ಈಗ ರಾಗಿ ರೊಟ್ಟಿಯನ್ನು ಅಂಗೈಯಗಲ, ಎಷ್ಟು ಸಾಧ್ಯವೋ ಅಷ್ಟು ತೆಳ್ಳಗೆ ತಟ್ಟಿ ಕಿಟಕಿಯಿಂದ ಒಂದೊಂದೇ ಹೊರಕ್ಕೆ ಕೊಟ್ಟಳು. ನಾನು ಅದರ ಮೇಲೆ ಮಾಂಸ, ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ನಿಂಬೆಹಣ್ಣು ಹಿಂಡಿ ಮಡಚಿದೆ. ರೊಟ್ಟಿ ನಡುವೆ ಸ್ವಲ್ಪ ಸೀಳಿತು, ರಸ ಮೊಣಕೈವರೆಗೆ ಇಳಿಯಿತು.

ಅಪ್ಪ ಮೊದಲನೆಯದನ್ನು ಎರಡೇ ತುತ್ತಿಗೆ ಮುಗಿಸಿದ. ಎರಡನೆಯದಕ್ಕೆ ಒಂದು ಹಸಿಮೆಣಸಿನಕಾಯಿ ಕಚ್ಚಿಕೊಂಡ. ಮೂರನೆಯದು ಮುಗಿದ ಮೇಲೆ ಹೇಳಿದ, "ಖಾರ ಸಾಲ್ದು. ಆದ್ರೆ ಇದು ಹಂದಿ ಅಂದ್ರೆ ಹಂದಿನೂ ನಂಬಕ್ಕಿಲ್ಲ."

ಆಗ ಕಿಟಕಿಯಿಂದ ರೊಟ್ಟಿ ಬರುವುದು ನಿಂತಿತು. ಅವ್ವ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು.

"ನಂಗೊಂದು ಮಡಚ್ಕೊಡೇ."

ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. "ಏನೇ ಇದು? ನಿನ್ ಹರಕೆ?"

"ಹರಕೆ ನಮ್ಮೂರ ಅಡ್ಗೆಗೆ. ಇದು ಮೆಕ್ಸಿಕೋದು ಅಲ್ವಾ?" ಎಂದಳು ಅವ್ವ, ಮುಖ ಒಂದಿಷ್ಟೂ ಅಲುಗಾಡಿಸದೆ. "ಪಾತ್ರೆ ಮಾತ್ರ ನಾನು ಮುಟ್ಟಕ್ಕಿಲ್ಲ."

ಅಪ್ಪ ಗಂಭೀರವಾಗಿ ಯೋಚಿಸಿದ. ದೇವರ ವಿಷಯದಲ್ಲಿ ಎಡವಟ್ಟಾಗಬಾರದಲ್ಲ. ಆಮೇಲೆ, "ಅದೂ ನಿಜವೇಯ" ಎಂದು ತಾನೇ ಒಂದು ರೊಟ್ಟಿ ತೆಗೆದು, ಒಳ್ಳೊಳ್ಳೆಯ ಎಳೆಗಳನ್ನು ಆರಿಸಿ ಇಟ್ಟು, ನಿಂಬೆ ಹಿಂಡಿ ಕೊಟ್ಟ. ಅವ್ವ ನಿಂತುಕೊಂಡೇ ತಿಂದಳು, ನಿಧಾನವಾಗಿ, ಬೆರಳನ್ನೂ ಬಿಡದೆ ನೆಕ್ಕುತ್ತ. "ಉಪ್ಪು ಒಂಚೂರು ಕಮ್ಮಿ" ಎಂದು ಇನ್ನೊಂದಕ್ಕೆ ಕೈ ಚಾಚಿದಳು. ನಾನು ಈರುಳ್ಳಿ ಹೆಚ್ಚುವ ನೆಪದಲ್ಲಿ ತಲೆ ತಗ್ಗಿಸಿಕೊಂಡೆ.

ಸೋಮವಾರ ಓನರಿಗೆ ಕಾಗದ ಕೊಟ್ಟೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕರೆಂಟ್ ಹೋದ ಜಾಗದಲ್ಲಿ ಬೆರಳು ನಿಂತಿತು.

"ಇಷ್ಟು ಹೊತ್ತು ಕರೆಂಟ್ ಇಲ್ದಿದ್ರೂ ಬಿಸಿ ಅಷ್ಟೊಂದು ಇಳಿದಿಲ್ವಲ್ಲಮ್ಮ!"

"ಪಿಂಗಾಣಿ ದಪ್ಪ ಇದೆ ಸಾರ್, ಹಿಡ್ಕೊಳ್ಳುತ್ತೆ."

ಅವರು ಖುಷಿಯಾಗಿ ಕಾಗದ ಮಡಚಿ ಜೇಬಿಗಿಟ್ಟರು. ಪಾತ್ರೆ ತಂದಿದ್ದೇನೆ ಎಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಅದು ಇನ್ನು ನಿಂದೇ ಕಣಮ್ಮ, ಇಟ್ಕೊಂಡ್ಬುಡು" ಎಂದರು. ನನಗೂ ಬೇಕಾದದ್ದು ಅದೇ. ಮುಂದೆ ಎಷ್ಟೋ ಭಾನುವಾರ ಅದು ಒಗೆಯುವ ಕಲ್ಲಿನ ಮೇಲೆ ಕೂತಿತು. ಅಪ್ಪ ಅದರಲ್ಲಿ ಬೇರೆ ಏನನ್ನೂ ಬೇಯಿಸಲು ಒಪ್ಪಲಿಲ್ಲ; ಒಂದು ಸಲ ಕೋಳಿ ಹಾಕೋಣ ಎಂದಾಗ, ಮೆಕ್ಸಿಕೋ ಪಾತ್ರೆಗೆ ನಮ್ಮೂರ ಅಡುಗೆ ಸೇರಿದರೆ ಅವ್ವನ ಹರಕೆಗೆ ತೊಡಕಾಗುತ್ತದೆ ಎಂದ.

ಬೆಂಗಳೂರಿನವರ ಆರ್ಡರು ಬರಲೇ ಇಲ್ಲ. ದಿನವಿಡೀ ಪ್ಲಗ್ಗಿನಲ್ಲಿಟ್ಟು ಮನೆಬಿಟ್ಟು ಹೋಗಲು ಇಲ್ಲಿನ ಜನ ಹೆದರುತ್ತಾರೆ ಎಂದು ಅವರಿಗೆ ಯಾರೋ ಹೇಳಿದರಂತೆ. ಓನರಿಗೆ ಬೇಜಾರಾಯಿತು. ಬೆಂಗಳೂರಿನವರು ಕೊಟ್ಟಿದ್ದ ಇನ್ನೊಂದು ಸ್ಯಾಂಪಲ್ ಪಾತ್ರೆ ಅವರ ಹತ್ತಿರ ಉಳಿದಿತ್ತು, ಏನೂ ಬೇಯಿಸದ್ದು. ಅದಕ್ಕೂ ಒಂದು ಕಾಯಿಲ್ ಸುತ್ತಿಕೊಡು ಎಂದು ನನ್ನಿಂದ ಮಾಡಿಸಿಕೊಂಡು ಗುಬ್ಬಿಗೆ ಒಯ್ದರು. ಹದಿನೈದು ದಿನ ಅದರ ಸುದ್ದಿಯೇ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಅವರ ಬುತ್ತಿಯ ಜೊತೆ ದೊಡ್ಡದೊಂದು ಕ್ಯಾರಿಯರ್ ಬಂತು. ಅವರ ತಾಯಿ ಆ ಪಾತ್ರೆಯಲ್ಲಿ ಹುರುಳಿ ಬೇಯಿಸಿ, ಅದರ ಕಟ್ಟಿನಲ್ಲಿ ಸಾರು ಮಾಡಿ ನಮ್ಮ ಏಳು ಜನಕ್ಕೂ ಆಗುವಷ್ಟು ಕಳಿಸಿದ್ದರು. ಓನರು ಒಬ್ಬೊಬ್ಬರ ತಟ್ಟೆಗೂ ತಾವೇ ಬಡಿಸುತ್ತ ಬಂದರು. ನನ್ನ ಹತ್ತಿರ ಬಂದಾಗ ಸೌಟು ಹಿಡಿದುಕೊಂಡೇ ನಿಂತು, ಯಾರಿಗೂ ಕೇಳಿಸದ ಹಾಗೆ, "ನಿಜ ಹೇಳಮ್ಮ, ನಿಮ್ದು ಚೆನ್ನಾಗಿತ್ತೋ, ಇದು ಚೆನ್ನಾಗಿದೆಯೋ?" ಎಂದು ಕೇಳಿದರು.

ನಾನು ಸಾರು ಸುರಿದುಕೊಂಡು ಅನ್ನ ಕಲಸುತ್ತ, "ಇದೇ ಸಾರ್" ಎಂದೆ. ಆ ಹಸಿವಿಗೆ ಅದು ಸುಳ್ಳೂ ಆಗಿರಲಿಲ್ಲ.