ಹಾಲಸಿದ್ದಪ್ಪನ ಪಾಲಿನ ಹುಲ್ಲು

ಹಾಲಸಿದ್ದಪ್ಪ ತೀರಿಕೊಂಡ ಮೇಲೆ ಕಲ್ಯಾಣ ಮಂಟಪದ ಮುಂದಿನ ಹುಲ್ಲುಹಾಸು ಕೆಲವು ದಿನ ಅರ್ಧ ತಲೆ ಮಾತ್ರ ಕ್ಷೌರ ಮಾಡಿಸಿಕೊಂಡು ಎದ್ದು ಬಂದವರ ಹಾಗೆ ಕಾಣುತ್ತಿತ್ತು. ನಡುವಿನ ಕಾಲುದಾರಿಯ ಒಂದು ಬದಿ ನುಣ್ಣಗೆ, ಪಟ್ಟೆಪಟ್ಟೆಯಾಗಿ ಕತ್ತರಿಸಿದ ಹುಲ್ಲು. ಇನ್ನೊಂದು ಬದಿ, ಬೇವಿನ ಮರದ ಕಡೆ, ಕಣಕಾಲು ಮುಚ್ಚುವಷ್ಟು ಬೆಳೆದು ತೆನೆ ತೂಗುವ ಹುಲ್ಲು. ಮದುವೆಗೆ ಮಂಟಪ ನೋಡಲು ಬಂದವರು ಇದೇನು ಹೀಗೆ ಎಂದು ಕೇಳುತ್ತಿದ್ದರು. ಕಾರಣ ಹೇಳಬೇಕಾದರೆ ಹಾಲಸಿದ್ದಪ್ಪನ ಹೊಟ್ಟೆಕಿಚ್ಚಿನಿಂದಲೇ ಶುರು ಮಾಡಬೇಕು. ಹೋದವರ ಬಗ್ಗೆ ಒಳ್ಳೆಯ ಮಾತಾಡಬೇಕು ಎನ್ನುವುದು ನಿಜ. ಆದರೆ ಹೊಟ್ಟೆಕಿಚ್ಚನ್ನು ಬಿಟ್ಟು ಹಾಲಸಿದ್ದಪ್ಪನ ಕಥೆ ಹೇಳಿದರೆ ಅದು ಬೇರೆ ಯಾರದೋ ಕಥೆಯಾದೀತು.

ಅವನು ಮೇಡ್ಲೇರಿಯವನು. ವೀರೇಂದ್ರ ಸಾಹುಕಾರರು ರಾಣೇಬೆನ್ನೂರಿನ ಹೊರಗೆ ಮಂಟಪ ಕಟ್ಟಿಸಿದಾಗ ಅದರ ಮುಂದಿನ ಜಾಗ ಬರೀ ಗೊರಚು ಕಲ್ಲಿನ ಇಳಿಜಾರು. ಅಲ್ಲಿ ಕೆರೆಯ ಮಣ್ಣು ಹರಡಿಸಿ, ಹುಲ್ಲಿನ ಗೆಣ್ಣುಗಳನ್ನು ಭತ್ತದ ನಾಟಿ ಮಾಡಿದಂತೆ ಒಂದೊಂದಾಗಿ ಊರಿದವರು ಹಾಲಸಿದ್ದಪ್ಪ ಮತ್ತು ಅವನ ಹೆಂಡತಿ ಗದಿಗೆವ್ವ. ಹುಲ್ಲು ಕೂಡಿಕೊಂಡಿತು. ಆಮೇಲೆ ವರ್ಷಗಟ್ಟಲೆ ಗಂಡಹೆಂಡಿರಿಬ್ಬರೂ ತುದಿಗಾಲಲ್ಲಿ ಕೂತು ಕುಡಗೋಲಿನಿಂದ ಅದನ್ನು ಸವರಿದರು. ಒಂದು ಕೊನೆ ಮುಟ್ಟುವ ಹೊತ್ತಿಗೆ ಇನ್ನೊಂದು ಕೊನೆ ಬೆಳೆದಿರುತ್ತಿತ್ತು. ಬೀಗರು ಚಪ್ಪಲಿ ಬಿಟ್ಟು ಆ ಹುಲ್ಲಿನ ಮೇಲೆ ಅಡ್ಡಾಡಿ "ಗಾದಿ ಇದ್ದಂಗ ಐತಿ ನೋಡ್ರಿ" ಅಂದರೆ ಹಾಲಸಿದ್ದಪ್ಪ ಬೇರೆ ಕಡೆ ನೋಡುತ್ತಾ ನಿಲ್ಲುತ್ತಿದ್ದ. ಅವನ ಮುಖ ನೋಡುವ ಹಾಗಿರುತ್ತಿತ್ತು.

ಗದಿಗೆವ್ವನ ಮೊಣಕಾಲು ಕೈಕೊಟ್ಟ ವರ್ಷ ಸಾಹುಕಾರರು ಹುಬ್ಬಳ್ಳಿಯಿಂದ ಪೆಟ್ರೋಲಿನ ಹುಲ್ಲಿನ ಮಷೀನು ತರಿಸಿದರು. ಹಿಂದೆ ನಿಂತು ದೂಡಿಕೊಂಡು ಹೋಗುವಂಥದ್ದು. ಮಷೀನಿನ ಜೊತೆಗೆ ಜಹಾಂಗೀರ ಬಂದ. ಬ್ಯಾಡಗಿಯವನು, ನಡುವಯಸ್ಸಿನವನು. ಅಲ್ಲಿ ಖಾರ ಕುಟ್ಟುವ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಖಾರದ ಧೂಳಿಗೆ ಉಸಿರು ಕಟ್ಟಿ ಆ ಕೆಲಸ ಬಿಟ್ಟಿದ್ದ.

ಜಹಾಂಗೀರ ಮೊದಲ ದಿನ ಮಷೀನು ಓಡಿಸಿದಾಗ ಇಡೀ ಹುಲ್ಲುಹಾಸು ಊಟದ ಹೊತ್ತಿನೊಳಗೆ ಮುಗಿಯಿತು. ಒಂದು ಪಟ್ಟೆ ತಿಳಿ ಹಸಿರು, ಒಂದು ಪಟ್ಟೆ ಕಡು ಹಸಿರು, ಇಳಕಲ್ ಸೀರೆ ಹಾಸಿದಂತೆ. ಸಾಹುಕಾರರು ಮೆಟ್ಟಿಲ ಮೇಲೆ ನಿಂತು ನೋಡಿದರು.

"ನೋಡೋ ಹಾಲಸಿದ್ದಪ್ಪ, ಇದಕ್ಕ ಅಂತಾರ ಕೆಲಸ ಅಂತ."

ಆ ಒಂದು ಮಾತು ಹಾಲಸಿದ್ದಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತು. ಹುಲ್ಲು ತನ್ನದು. ಊರಿದವನು ತಾನು, ನೀರು ಕಟ್ಟಿದವನು ತಾನು. ಈಗ ಅದರ ಚಂದ ಇನ್ನೊಬ್ಬನ ಹೆಸರಿಗೆ ಹೋಯಿತು.

ಜಹಾಂಗೀರನಿಗೆ ಇದು ಗೊತ್ತಾಗಲಿಲ್ಲ ಎಂದಲ್ಲ. ಹಿರಿಯನನ್ನು ಕಾಕಾ ಎಂದೇ ಕರೆಯುತ್ತಿದ್ದ. ಕೆಲಸ ಕಲಿಸಲು ತಾನಾಗಿಯೇ ಮುಂದೆ ಬಂದ.

"ಬರ್ರಿ ಕಾಕಾ, ನೀವೂ ಒಂದ್ ಸುತ್ತ ಹೊಡೀರಿ. ಮೊದಲ ಬರೇ ಕೈಲೆ ಅಡ್ಡಾಡಿ ಹುಲ್ಲಾಗ ಏನೈತಿ ನೋಡಬೇಕು. ಮದವಿ ಮುಗದ ಮ್ಯಾಲೆ ಮೊಳಿ, ತಂತಿ, ಪಿನ್ನು ಎಲ್ಲಾ ಬಿದ್ದಿರತಾವ. ಬ್ಲೇಡಿಗೆ ಸಿಕ್ಕರ ಗುಂಡಿನಂಗ ಹಾರತಾವ."

"ಹುಲ್ಲಾಗ ಏನೈತಿ ಅಂತ ನನಗ ಹೇಳ್ತಿ ನೀ," ಎಂದ ಹಾಲಸಿದ್ದಪ್ಪ.

"ಹಂಗಲ್ಲರಿ. ಈ ಹಿಡಿಕಿ ಕೆಳಗ ಇನ್ನೊಂದು ಸಡ್ಲ ಸರಳ ಐತಿ ನೋಡ್ರಿ, ಇದು..."

ಹಾಲಸಿದ್ದಪ್ಪ ಅಷ್ಟರಲ್ಲಿ ನೀರಿನ ಪೈಪು ಎತ್ತಿಕೊಂಡು ಬೇವಿನ ಮರದ ಕಡೆ ಹೊರಟಿದ್ದ. ಜಹಾಂಗೀರ ಆ ಸರಳಿನ ಮಾತು ಎತ್ತಿದಾಗಲೆಲ್ಲ ಅವನಿಗೆ ಎಲ್ಲೋ ಒಂದು ಕೆಲಸ ನೆನಪಾಗುತ್ತಿತ್ತು. ಆದರೂ ದೂರ ನಿಂತು ಓರೆಗಣ್ಣಿನಿಂದ ಎಲ್ಲವನ್ನೂ ನೋಡುತ್ತಿದ್ದ. ಅಡಿಯ ಬ್ಲೇಡಿಗೆ ಕೈ ಹಾಕುವ ಮೊದಲು ಜಹಾಂಗೀರ, ಎಂಜಿನ್ ಚಾಲೂ ಆಗದಂತೆ, ಮುಂದಿನ ಪ್ಲಗ್ಗಿನ ಕರಿ ಟೊಪ್ಪಿಗೆಯನ್ನು ಕಿತ್ತು ಪಕ್ಕಕ್ಕೆ ಇಡುತ್ತಿದ್ದ. ಎಂಜಿನ್ ಆರಿದ ಮೇಲೆಯೇ ಪೆಟ್ರೋಲು ಹಾಕುತ್ತಿದ್ದ. ಇಬ್ಬನಿ ಆರುವವರೆಗೆ ಹುಲ್ಲಿಗೆ ಮಷೀನು ಇಳಿಸುತ್ತಿರಲಿಲ್ಲ. ಇಳಿಜಾರಿನಲ್ಲಿ ಯಾವಾಗಲೂ ಅಡ್ಡಡ್ಡ ಹೋಗುತ್ತಿದ್ದ, ಮೇಲೆ ಕೆಳಗೆ ಓಡಿಸುತ್ತಿರಲಿಲ್ಲ. ಕಾಲಲ್ಲಿ ದಪ್ಪ ಬೂಟು. ಇದೆಲ್ಲ ಹಾಲಸಿದ್ದಪ್ಪನಿಗೆ ಸೋಗಿನಂತೆ ಕಾಣುತ್ತಿತ್ತು.

ಮನೆಯಲ್ಲೂ ಬಿಡುವಿರಲಿಲ್ಲ. ಮನೆ ಎಂದರೆ ಮಂಟಪದ ಹಿಂದಿನ ಕೋಣೆ. ಜಹಾಂಗೀರ ಊರಿಗೆ ಹೋಗಿ ಬರುವಾಗ ಗದಿಗೆವ್ವನಿಗೆ ಮೆಣಸಿನಕಾಯಿ ತಂದುಕೊಟ್ಟ. ಅವಳು ಅದನ್ನು ಮೊರದಲ್ಲಿ ಹಾಕಿ ತಿರುಗಿಸಿ ತಿರುಗಿಸಿ ನೋಡಿದಳು.

"ಎಂಥಾ ಬಣ್ಣ ನೋಡ್ರಿ. ಪಾಪ, ನೆನಪಿಟ್ಟು ತಂದಾನ. ನಾಳಿಂದ ಅವಗೂ ಎರಡ ರೊಟ್ಟಿ ಬಡದು ಕೊಡತೇನಿ."

ಆ ರಾತ್ರಿ ಹಾಲಸಿದ್ದಪ್ಪ ಪಲ್ಯ ಖಾರವಾಗಿದೆ ಎಂದು ತಟ್ಟೆ ಸರಿಸಿದ. ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಆ ಸೀಮೆಯ ಕೂಸಿಗೂ ಗೊತ್ತು.

"ಖಾರ ಪಲ್ಯಾದಾಗ ಇಲ್ಲ ಬಿಡ್ರಿ," ಎಂದಳು ಗದಿಗೆವ್ವ.

ಮಹಾನವಮಿ ಬಂತು. ಅವತ್ತು ಖಂಡೆ ಪೂಜೆ. ಕುಡಗೋಲು, ಗುದ್ದಲಿ, ಸಲಿಕೆಗಳನ್ನೆಲ್ಲ ತೊಳೆದು ವಿಭೂತಿ ಹಚ್ಚಿ ಪೂಜೆ ಮಾಡುವುದು ಮಂಟಪ ಕಟ್ಟಿದಾಗಿನಿಂದ ಹಾಲಸಿದ್ದಪ್ಪನ ಹಕ್ಕು. ಈ ಸಲ ಸಾಲಿನ ಕೊನೆಗೆ ಮಷೀನೂ ಇತ್ತು. ಜಹಾಂಗೀರ ಅದನ್ನು ಹೊಳೆಯುವಂತೆ ಒರೆಸಿ ತಂದು ನಿಲ್ಲಿಸಿ, ಚಪ್ಪಲಿ ಬಿಟ್ಟು ಹಿಂದೆ ಸರಿದು ನಿಂತಿದ್ದ. ಅವತ್ತು ಒಂದು ದಿನ ಮಷೀನು ಹಾಲಸಿದ್ದಪ್ಪನ ಕೈಗೆ ಬಂತು. ಅವನು ಅರಿಷಿಣದ ದಾರವನ್ನು ಎಳೆ ಎಳೆ ಕೂಡಿಸಿ ಹುರಿ ಮಾಡಿದ, ಅರಿಷಿಣದ ಕೊಂಬು ಕಟ್ಟಿದ, ಕಂಕಣವನ್ನು ಮಷೀನಿನ ಹಿಡಿಕೆಗೆ ಸುತ್ತಿದ. ಹಿಡಿಕೆಯ ಕೆಳಗೆ ಇನ್ನೊಂದು ಸರಳು ಸಡಿಲವಾಗಿ ಜೋತಾಡುತ್ತಿತ್ತು. ರಂಟೆ ಕುಂಟೆ ಕಟ್ಟಿ ಬೆಳೆದ ಕೈ ಅದು, ಸಡಿಲವಾದದ್ದನ್ನು ಕಂಡರೆ ಬಿಡದು. ಎರಡನ್ನೂ ಒತ್ತಿ ಕೂಡಿಸಿ, ಸುತ್ತಿ ಸುತ್ತಿ, ನೊಗಕ್ಕೆ ಹಾಕುವ ಗಂಟು ಹಾಕಿದ. ಹಾಕುವಾಗ ಅವನ ಮನಸ್ಸಿನಲ್ಲಿ ದೇವರು ಇದ್ದನೋ ಇಲ್ಲವೋ. ನೀ ದಿನಾ ಹಿಡಿಯುವ ಜಾಗದಲ್ಲಿ ನನ್ನ ಗಂಟು ಇರಲಿ ಎಂಬುದಂತೂ ಇತ್ತು.

ಮರುದಿನ ಬನ್ನಿ. ಸಂಜೆ ಎಲ್ಲರೂ ಬನ್ನಿ ಎಲೆ ಹಿಡಿದು ಒಬ್ಬರಿಗೊಬ್ಬರು ಕೊಟ್ಟು ಹಿರಿಯರ ಕಾಲಿಗೆ ಬೀಳುವ ಹೊತ್ತು. ಗದಿಗೆವ್ವ ಗುಡಿಗೆ ಹೋಗಿದ್ದಳು. ಬಾಗಿಲ ಹೊರಗೆ ಜಹಾಂಗೀರನ ದನಿ ಕೇಳಿತು.

"ಕಾಕಾ, ಬನ್ನಿ ಕೊಡಾಕ ಬಂದೇನಿ. ಒಂದ್ ಮಾತೂ ಇತ್ತು."

ಹಾಲಸಿದ್ದಪ್ಪ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡ. ಬಂದದ್ದನ್ನೂ, ಕಾದದ್ದನ್ನೂ, ಹೋದದ್ದನ್ನೂ ಕೇಳಿಸಿಕೊಂಡ. ಹೊಸ್ತಿಲ ಮೇಲೆ ಬನ್ನಿ ಎಲೆ ಉಳಿದವು.

ಅದಾದ ಮೇಲೆ ಜಹಾಂಗೀರ ಮಷೀನು ಮುಟ್ಟಲಿಲ್ಲ. ಪ್ಲಗ್ಗಿನ ಟೊಪ್ಪಿಗೆ ಕಿತ್ತಿಟ್ಟು ಮೂಲೆಯಲ್ಲಿ ನಿಲ್ಲಿಸಿ, ಗಿಡಗಳ ಕೆಲಸ ಮಾಡಿಕೊಂಡಿದ್ದ. ನಡುವೆ ಮಳೆ ಹನಿದು ಹುಲ್ಲು ಎದ್ದಿತು. ಒಂದು ಮದುವೆ ಹತ್ತಿರ ಬಂತು. ಅವನು ತಾಯಿಯನ್ನು ನೋಡಿ ಬರುತ್ತೇನೆಂದು ಬ್ಯಾಡಗಿಗೆ ಹೋದ ದಿನ ಸಾಹುಕಾರರು ರೇಗಿದರು.

"ಯಾಕೋ ಹುಲ್ಲ ಹೊಡದಿಲ್ಲ ಅಂದ್ರ, ಕಾಕಾ ಒಂದ್ ಸಲ ಮಷೀನಿನ ಹತ್ರ ಬರಲಿ, ಆಮ್ಯಾಲೆ ಚಾಲೂ ಮಾಡ್ತೇನಿ ಅಂತಾನ. ಏನ್ ನಿಮ್ಮಿಬ್ಬರದು ನಾಟಕ."

ಹಾಲಸಿದ್ದಪ್ಪನ ಮೈ ಉರಿಯಿತು. ತಾನು ಹೋಗಿ ಕೈಮುಗಿಯಬೇಕೇನು ಇವನಿಗೆ. ಮೂಲೆಗೆ ಹೋಗಿ ನೋಡಿದರೆ ಟೊಪ್ಪಿಗೆ ಕಿತ್ತು ಜೋತುಬಿದ್ದಿದೆ. ಮತ್ತೊಬ್ಬರ ಕೈಗೆ ಚಾಲೂ ಆಗಬಾರದು ಅಂತ ಮಾಡಿಟ್ಟಾನ ಸೂಳೆಮಗ ಎಂದುಕೊಂಡ. ಓರೆಗಣ್ಣಿನಲ್ಲಿ ಕಲಿತದ್ದು ಉಪಯೋಗಕ್ಕೆ ಬಂತು. ಟೊಪ್ಪಿಗೆಯನ್ನು ಒತ್ತಿ ಕೂಡಿಸಿದ. ಮರುದಿನ ಮುಂಜಾನೆ, ಇಬ್ಬನಿ ಆರುವ ಮೊದಲೇ, ಚಪ್ಪಲಿ ಕಾಲಲ್ಲಿ ಮಷೀನನ್ನು ಹುಲ್ಲಿಗೆ ತಂದು ಹಗ್ಗ ಎಳೆದ. ಚಾಲೂ ಆಯಿತು.

ಅವನಿಗೆ ಅಂಥ ಸಂತೋಷ ಆಗಿ ಬಹಳ ಕಾಲವಾಗಿತ್ತು. ಕೈಯೊಳಗೆ ಮಷೀನು ನಡುಗುತ್ತಿತ್ತು, ಕಾಲ ಮುಂದೆ ಹಸಿರು ಸೀಳಿಕೊಂಡು ಹೋಗುತ್ತಿತ್ತು. ಅಡ್ಡಡ್ಡ ಹೋಗುವುದು ಜಹಾಂಗೀರನ ರೀತಿ, ಆದ್ದರಿಂದ ತಾನು ಮೇಲಿಂದ ಕೆಳಕ್ಕೆ ಹೊರಟ. ಕೆಳಗೆ, ರಸ್ತೆಯ ಅಂಚಿನ ಇಟ್ಟಿಗೆ ಕಟ್ಟೆಯ ಹತ್ತಿರ, ಗದಿಗೆವ್ವ ಕೂತು ಒಣಗಿದ ಹೂವಿನ ಸರ ಆರಿಸುತ್ತಿದ್ದಳು. ಅವಳು ತಲೆ ಎತ್ತಿ ನೋಡಲಿ ಎಂದು ಅವನಿಗೆ ಆಸೆ.

ಹಂದರದವರು ಬಿಟ್ಟುಹೋದ ತಂತಿಯ ತುಣುಕೊಂದು ಹುಲ್ಲಿನಲ್ಲಿತ್ತು. ಬ್ಲೇಡಿಗೆ ಸಿಕ್ಕಿ ಹಾರಿ ಅವನ ಮೊಣಕಾಲ ಕೆಳಗೆ ಹೊಕ್ಕಿತು. ನೋವಿಗೆ ಎರಡೂ ಕೈ ಬಿಟ್ಟ. ಮಷೀನು ನಿಲ್ಲಲಿಲ್ಲ. ಎಂಜಿನ್ ಅಬ್ಬರಿಸುತ್ತಲೇ ಒದ್ದೆ ಇಳಿಜಾರಿನಲ್ಲಿ ತಾನೇ ತಾನಾಗಿ ಇಳಿಯತೊಡಗಿತು, ಗದಿಗೆವ್ವ ಕೂತ ಕಡೆಗೆ. ಅವನು ಕೂಗಿದ. ಮಷೀನಿನ ಸದ್ದಿನಲ್ಲಿ ಆ ಕೂಗು ಅವನಿಗೇ ಕೇಳಲಿಲ್ಲ. ಮೊಣಕಾಲು ಬಾಗದ ಆ ಹೆಂಗಸು ಅದು ಹೇಗೋ ಕೈಯೂರಿ ಪಕ್ಕಕ್ಕೆ ಹೊರಳಿದಳು. ಮಷೀನು ಅವಳ ಸೆರಗಿನ ಪಕ್ಕದಲ್ಲೇ ಹಾದು ಇಟ್ಟಿಗೆ ಕಟ್ಟೆಗೆ ಬಡಿದು ನಿಂತಿತು. ಒಳಗೆ ಬ್ಲೇಡು ತಿರುಗುತ್ತಲೇ ಇತ್ತು.

ಬಸ್ಸಿಳಿದು ಗೇಟಿನ ಒಳಗೆ ಬರುತ್ತಿದ್ದ ಜಹಾಂಗೀರ ಚೀಲ ಒಗೆದು ಓಡಿ ಬಂದ. ಗದಿಗೆವ್ವನನ್ನು ಎತ್ತಿ ದೂರ ಕೂಡಿಸಿದ. "ಯಾರೂ ಹತ್ರ ಬರಬ್ಯಾಡ್ರಿ" ಎಂದು ಹೇಳಿ, ಬದಿಯಿಂದ ಬಗ್ಗಿ ಪೆಟ್ರೋಲಿನ ನಳ ತಿರುವಿ ಬಂದ್ ಮಾಡಿ ಹಿಂದೆ ಸರಿದು ನಿಂತ. ಒಳಗೆ ಉಳಿದ ಪೆಟ್ರೋಲು ತೀರುವವರೆಗೆ ಮಷೀನು ಅರಚಿತು. ಆಮೇಲೆ ಕೆಮ್ಮಿ ಆರಿತು. ಕಾಲಿನಿಂದ ರಕ್ತ ಇಳಿಯುತ್ತಿದ್ದರೂ, ಹೆಂಡತಿ ಉಳಿದದ್ದು ಕಣ್ಣೆದುರೇ ಇದ್ದರೂ, ಹಾಲಸಿದ್ದಪ್ಪನ ಮನಸ್ಸಿನಲ್ಲಿ ಬಂದದ್ದು ಒಂದೇ: ಇವ ಎಷ್ಟು ನೆಟ್ಟಗ ನಿಂತಾನ.

ಜಹಾಂಗೀರ ಪ್ಲಗ್ಗಿನ ಟೊಪ್ಪಿಗೆ ಕಿತ್ತ. ಆಮೇಲೆ ತನ್ನ ಟವೆಲ್ಲಿನಿಂದ ಹಿರಿಯನ ಕಾಲು ಕಟ್ಟಿದ.

"ಕೈ ಬಿಟ್ಟರೂ ಯಾಕ ನಿಲ್ಲಲಿಲ್ಲ ಅದು," ಎಂದು ಹಾಲಸಿದ್ದಪ್ಪ ಕೇಳಿದ.

"ಹಿಡಿಕಿ ಜೋಡಿ ಆ ಸರಳ ಒತ್ತಿ ಹಿಡದಿರೋ ತನಾ ಬ್ಲೇಡ್ ತಿರಗತೈತಿ ಕಾಕಾ. ಬಿಟ್ಟರ ಸರಳ ಹಿಂದ ಸರೀತೈತಿ, ಮಷೀನ ನಿಲ್ಲತೈತಿ. ನೀವು ಎರಡೂ ಕೂಡಿಸಿ ಕಟ್ಟೀರಿ."

"ಮತ್ತ ನೀ ಕೊಯ್ದು ಒಗೀಬೇಕಿತ್ತಪಾ."

"ಪೂಜಿ ದಾರ. ನಿಮ್ಮ ಕೈಲೆ ಕಟ್ಟಿದ್ದು. ನಾ ಹೆಂಗ ಕೊಯ್ಲಿ?"

"ಹೇಳಬೇಕಿತ್ತು."

"ಹೇಳಾಕ ಬಂದಿದ್ನಲ್ಲರಿ, ಬನ್ನಿ ದಿನ. ನೀವು ಮಲಗಿದ್ರಿ."

ಹಾಲಸಿದ್ದಪ್ಪ ನೆಲಕ್ಕೆ ಕೈಯೂರಿ ಎದ್ದ. ಕುಂಟುತ್ತ ಹೋಗಿ ಗಂಟು ಬಿಚ್ಚಿದ. ಬಹಳ ಬಿಗಿಯಾಗಿತ್ತು, ಹಲ್ಲು ಹಚ್ಚಬೇಕಾಯಿತು. ಸರಳು ಚಟ್ಟನೆ ಹಿಂದಕ್ಕೆ ಸರಿಯಿತು.

ಇದರಿಂದ ಹೊಟ್ಟೆಕಿಚ್ಚು ಹೋಯಿತು ಎಂದು ಯಾರೂ ತಿಳಿಯಬಾರದು. ಗಾಯ ಮಾಯುತ್ತಲೇ ಅವನು ಸಾಹುಕಾರರ ಮುಂದೆ ನಿಂತು, ಕಾಲುದಾರಿಯ ಈಚೆ ಬೇವಿನ ಮರದ ಕಡೆಯ ಅರ್ಧ ತನ್ನದು, ಅಲ್ಲಿ ಮಷೀನು ತಾನೇ ಹಿಡಿಯಬೇಕು ಎಂದ. ಬೂಟು ಕೊಂಡ. ಜಹಾಂಗೀರ ಹೇಳಿಕೊಟ್ಟದ್ದೆಲ್ಲವನ್ನೂ ಕಲಿತ. ಕಲಿತಾದ ಮೇಲೆ, ಬ್ಲೇಡಿನ ನಡುವಿನ ತೂತನ್ನು ಮೊಳೆಗೆ ಸಿಕ್ಕಿಸಿ ಎರಡೂ ಬದಿ ಸಮ ತೂಗುತ್ತದೋ ನೋಡುವುದನ್ನು ಜಹಾಂಗೀರನಿಗೇ ತಾನು ಕಲಿಸಿದವನಂತೆ ಮಾತಾಡಿದ. ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ ಅವನ ಕಣ್ಣು ಸುಮ್ಮನಿರುತ್ತಿರಲಿಲ್ಲ. ಜಹಾಂಗೀರನ ಪಟ್ಟೆಗಳು ಯಾವಾಗಲೂ ಒಂದು ಕೂದಲೆಳೆ ನೆಟ್ಟಗಿರುತ್ತಿದ್ದವು.

"ನಿನ್ನ ಕಡಿ ನೆಲಾ ಸಮ ಐತಿ. ಅದಕ್ಕ."

"ಖರೇ ಕಾಕಾ."

"ಹೂಂ ಅನಬ್ಯಾಡ. ವಾದಾ ಮಾಡು."

ಹೋದ ವರ್ಷ ಎದೆಯಲ್ಲಿ ನೀರು ತುಂಬಿ ಹಾಲಸಿದ್ದಪ್ಪ ಹಾಸಿಗೆ ಹಿಡಿದ. ಹಾವೇರಿ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಆ ಹಿಂದಿನ ಕೋಣೆಯಲ್ಲಿ ಮಲಗಿ ಮಷೀನಿನ ಸದ್ದು ಕೇಳುತ್ತಿದ್ದ. ಸದ್ದಿನಿಂದಲೇ ಅದು ಯಾವ ಕಡೆಯ ಹುಲ್ಲಿನಲ್ಲಿದೆ ಎಂದು ಹೇಳುತ್ತಿದ್ದ. ಒಂದು ದಿನ ಗದಿಗೆವ್ವನನ್ನು ಹತ್ತಿರ ಕರೆದ.

"ನಾ ಹೋದ ಮ್ಯಾಲೆ ನನ್ನ ಪಾಲಿನ ಹುಲ್ಲಿಗೆ ಅವ ಮಷೀನ ಹಚ್ಚಬಾರದು."

"ಮತ್ಯಾರು ಹೊಡೀಬೇಕ್ರಿ?"

"ಯಾರರೆ ಹೊಡೀಲಿ. ಅವ ಬ್ಯಾಡ." ಸ್ವಲ್ಪ ಉಸಿರು ತೆಗೆದುಕೊಂಡ. "ಅವ ಹೊಡದರ ನನ್ನಕಿಂತ ಚಂದ ಕಾಣತೈತಿ."

ಮಣ್ಣು ಮಾಡಿ ಮುಗಿದ ಮೇಲೆ ಗದಿಗೆವ್ವ ಈ ಮಾತನ್ನು ಜಹಾಂಗೀರನಿಗೆ ಹೇಳಿದಳು. ಅವನು ನಕ್ಕ. ಆಮೇಲೆ ಬೇವಿನ ಮರದ ಕಡೆ ಮುಖ ತಿರುಗಿಸಿದ. ಅವತ್ತಿನಿಂದ ಕಾಲುದಾರಿಯ ತನ್ನ ಬದಿಯನ್ನು ಮಾತ್ರ ಕತ್ತರಿಸಿದ. ಸಾಹುಕಾರರು ಬೈದರೂ ಅಷ್ಟೇ.

"ಅವರು ಕಟ್ಟಿದ್ದನ್ನ ನಾ ಬಿಚ್ಚೂದಿಲ್ಲರಿ," ಎಂದ.

ಹುಲ್ಲು ತೆನೆಗೆ ಬಂದಾಗ ಒಂದು ಮುಂಜಾನೆ ಗದಿಗೆವ್ವ ಗಂಡನ ಬೂಟಿನ ಮುಂದುಗಡೆ ಅರಿವೆ ತುರುಕಿ ಹಾಕಿಕೊಂಡು ಬಂದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಜಹಾಂಗೀರ ಮಷೀನು ಹೊರಗೆ ತಂದ. ಇಬ್ಬರೂ ಸೇರಿ ಹುಲ್ಲಿನಲ್ಲಿ ಅಡ್ಡಾಡಿ ಮೊಳೆ, ತಂತಿ ಆರಿಸಿದರು. ಬ್ಲೇಡನ್ನು ಎತ್ತರಕ್ಕೆ ಏರಿಸಿ, ಹಗ್ಗ ಎಳೆದು ಕೊಟ್ಟು, ಅವನು ಹಿಂದೆ ಸರಿದ.

"ಅಡ್ಡಡ್ಡ ಹೋಗ್ರಿ ಯವ್ವಾ. ಸಾವಕಾಶ. ಅಂಜಿಕಿ ಬಂದರ ಕೈ ಬಿಡ್ರಿ, ನಿಲ್ಲತೈತಿ."

ಅವಳು ನಾಲ್ಕು ಹೆಜ್ಜೆ ಹೋಗಿ ಬೇಕೆಂದೇ ಕೈ ಬಿಟ್ಟಳು. ನಿಂತಿತು. ಆ ಸರಳನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿದಳು. ಮತ್ತೆ ಚಾಲೂ ಮಾಡಿಸಿಕೊಂಡು ಬೇವಿನ ಮರದವರೆಗೆ ಹೋಗಿ ತಿರುಗಿ ಬಂದಳು. ಹಿಂದೆ ಒಂದು ಪಟ್ಟೆ ಬಿತ್ತು, ಸೊಟ್ಟಗೆ.

"ಹೆಂಗ ಬಂತೋ?"

"ಕಾಕಾನಂಗ ಬಂದೈತಿ," ಎಂದ ಜಹಾಂಗೀರ.

"ಹಂಗಾರ ಸಾಕು," ಎಂದು ಗದಿಗೆವ್ವ ಮುಂದಿನ ಸಾಲಿಗೆ ಮಷೀನು ತಿರುಗಿಸಿದಳು.