ಒಂದು ದಿನ ನಿಂತ ನೀರು

ಕಚೇರಿಯವರು ಬೆನ್ನ ಹಿಂದೆ ಆಕೆಯನ್ನು ಗುಟುಕಮ್ಮ ಎನ್ನುತ್ತಿದ್ದರು. ಎಲ್ಲಿಗೆ ಹೋದರೂ ಅಲ್ಲಿನ ನಲ್ಲಿ ನೀರನ್ನು ಒಂದು ಗುಟುಕು ಕುಡಿದು ನೋಡುವ ಚಾಳಿ ಆಕೆಯದು. ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯಲು ಸೇರಿದವಳು ಓದಿಕೊಂಡು, ಪರೀಕ್ಷೆ ಬರೆದು, ಮೂವತ್ತು ವರ್ಷದ ಕೆಲಸದ ನಂತರ ಊರಿನ ನೀರು ಸರಬರಾಜು ಕಚೇರಿಯ ಮುಖ್ಯಸ್ಥೆಯಾದಳು. ಕುರ್ಚಿ ದೊಡ್ಡದಾಯಿತು, ನಿದ್ದೆ ಕಡಿಮೆಯಾಯಿತು ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ಅಂದು ಬೆಳಗ್ಗೆ ಪ್ರಯೋಗಾಲಯದ ವರದಿ ನೋಡಿದಾಗ ಮಾತ್ರ ನಗು ಬರಲಿಲ್ಲ. ಊರಿನ ಪೂರ್ವ ಭಾಗದ ನೀರಿನಲ್ಲಿ ರೋಗಾಣು ಇತ್ತು. ಆ ಭಾಗದಲ್ಲಿ ನಲವತ್ತು ಸಾವಿರ ಜನ, ಒಂದು ಹೆರಿಗೆ ಆಸ್ಪತ್ರೆ, ಸಾಲದ್ದಕ್ಕೆ ಆಕೆಯ ಸ್ವಂತ ಮನೆ.

“ಇನ್ನೊಂದ್ಸಲ ಪರೀಕ್ಷೆ ಮಾಡಿಸೋಣ ಮೇಡಂ. ನಾಳೆ ಫಲಿತಾಂಶ ನೋಡ್ಕೊಂಡು ನೀರು ನಿಲ್ಸಿದ್ರಾಯ್ತು,” ಎಂದ ಕಿರಿಯ ಎಂಜಿನಿಯರ್. “ಈಗ್ಲೇ ನಿಲ್ಸಿ, ಆಮೇಲೆ ಏನೂ ಇಲ್ಲ ಅಂತಾದ್ರೆ ಜನ ಸುಮ್ನೆ ಬಿಡ್ತಾರಾ?”

“ನಾಳೆವರೆಗೆ ಅವರು ಕುಡೀತಾ ಇರ್ತಾರಲ್ಲಪ್ಪ.”

ಹಾಗೆಂದು ನೀರು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದಳು. ಹತ್ತು ಗಂಟೆಗೆ ನೀರು ನಿಂತಿತು. ಬೇರೆ ಕಡೆಯ ನೀರು ತುಂಬಿದ ಟ್ಯಾಂಕರುಗಳು ಮೊದಲು ಆಸ್ಪತ್ರೆಗೆ ಹೋದವು. ಹತ್ತೂಕಾಲಿಗೆಲ್ಲ ಫೋನುಗಳು ಬಡಿದುಕೊಳ್ಳತೊಡಗಿದವು. ಮೊದಲನೆಯದೇ ಅತ್ತೆಯದು.

“ಮೈಗೆಲ್ಲ ಸೋಪು ಹಚ್ಕೊಂಡು ನಿಂತಿದ್ದೀನಿ ಕಣೇ. ನಿಮ್ಮ ಆಫೀಸಿನವರಿಗೆ ಬುದ್ಧಿ ಇದೆಯಾ?”

“ಬಕೆಟ್ಟಲ್ಲಿರೋದ್ರಲ್ಲಿ ತೊಳ್ಕೊಳ್ಳಿ ಅತ್ತೆ. ಬಾಯಿಗೆ ಮಾತ್ರ ಹಾಕ್ಕೋಬೇಡಿ.”

ಎರಡನೆಯ ಮಾದರಿ ತರಲು ಬಾಟ್ಲಿಯಣ್ಣನ ಜೊತೆ ತಾನೇ ಹೊರಟಳು. ಹೆಸರು ಕೇಳಿ ತಪ್ಪು ತಿಳಿಯಬೇಡಿ, ನೀರನ್ನು ಬಾಟಲಿಗೆ ತುಂಬಿಸಿ ಪರೀಕ್ಷೆಗೆ ತರುವುದಷ್ಟೇ ಆತನ ಕೆಲಸ. ನಿವೃತ್ತಿಗೆ ಎರಡು ವರ್ಷವಿತ್ತು. ಪೂರ್ವ ಭಾಗಕ್ಕೆ ನೀರು ಬಿಡುವ ದೊಡ್ಡ ತೊಟ್ಟಿಯ ಬುಡದಲ್ಲಿದ್ದ ನಲ್ಲಿಯ ಮೂತಿಯನ್ನು ಆತ ಬರ್ನರಿನ ಬೆಂಕಿಯಲ್ಲಿ ಕಾಯಿಸಿದ. ಅಲ್ಲಿ ಅಂಟಿಕೊಂಡ ರೋಗಾಣು ಸಾಯಬೇಕಲ್ಲ. ಎರಡು ನಿಮಿಷ ನೀರು ಹರಿಯಬಿಟ್ಟ. ಎಲ್ಲ ಸರಿಯಾಗಿತ್ತು. ಆಮೇಲೆ ಚೀಲದಿಂದ ಒದ್ದೆ ಬಟ್ಟೆ ತೆಗೆದು, ಮಗುವಿನ ಮೂಗು ಒರೆಸುವ ಹಾಗೆ ಮೂತಿಯನ್ನು ಒರೆಸಿದ.

“ಇದೇನಣ್ಣ?”

“ಹೋದ ವಾರ ಹೊಸ ಬರ್ನರ್ ಕೊಟ್ರಲ್ಲಮ್ಮ, ಬರೀ ಮಸಿ ಹಿಡಿಸುತ್ತೆ. ಬಾಟ್ಲಿಗೆ ಮಸಿ ಬಿದ್ರೆ ಚೆನ್ನಾಗಿರಲ್ಲ ಅಂತ ಒರೆಸ್ತೀನಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರೋಗಾಣು ಆ ಒದ್ದೆ ಬಟ್ಟೆಯದೇ ಇರಬಹುದು. ಆದರೆ ಬರೀ ಅನುಮಾನದ ಮೇಲೆ ನೀರು ಬಿಡಲಾದೀತೇ? ಒರೆಸಿದ ನಲ್ಲಿಯಿಂದ ಒಂದು ಬಾಟಲಿ ತುಂಬಿಸಿದಳು. ಮತ್ತೆ ಕಾಯಿಸಿ, ಒರೆಸಲು ಬಿಡದೆ, ಇನ್ನೊಂದು ತುಂಬಿಸಿದಳು. ಆ ದಿನವಿಡೀ ಊರಿನ ಬೈಗುಳ ತಿಂದಳು.

ಮರುದಿನ ಫಲಿತಾಂಶ ಬಂತು. ರೋಗಾಣು ಇದ್ದದ್ದು ಒರೆಸಿದ ನಲ್ಲಿಯ ಬಾಟಲಿಯಲ್ಲಿ ಮಾತ್ರ, ಅಂದರೆ ಬಟ್ಟೆಯಲ್ಲಿ. ಹೋದ ಜೀವ ಬಂದ ಹಾಗಾಯಿತು. ನೀರು ಬಿಡಲು ಹೇಳಿ ಕುರ್ಚಿಗೆ ಒರಗಿದಳು. ಬಾಟ್ಲಿಯಣ್ಣ ತಲೆ ತಗ್ಗಿಸಿ ಬಾಗಿಲಲ್ಲೇ ನಿಂತಿದ್ದ.

“ಸಣ್ಣ ದೋಷ ಇತ್ತು, ರಿಪೇರಿ ಮಾಡಿದ್ವಿ ಅಂತ ಹೇಳ್ಬಿಡಿ ಮೇಡಂ, ಜನ ಭೇಷ್ ಅಂತಾರೆ,” ಎಂದ ಎಂಜಿನಿಯರ್. “ಇಲ್ಲಾಂದ್ರೆ ಇವರ ಹೆಸರೇ ಹೇಳಿ.”

ಮೊದಲನೆಯ ಸಲಹೆಗೆ ಆಸೆಯಾಗದೆ ಇರಲಿಲ್ಲ. ಸುಳ್ಳು ಹೇಳಿದರೆ ತಡೆಯುವವರೂ ಯಾರೂ ಇರಲಿಲ್ಲ. ಆದರೂ ಕಾಗದ ಎಳೆದುಕೊಂಡು ಬರೆದಳು: ‘ನಿಮ್ಮ ನೀರಿನಲ್ಲಿ ಯಾವ ದೋಷವೂ ಇರಲಿಲ್ಲ. ಮಾದರಿ ತೆಗೆಯುವಾಗ ನಮ್ಮ ಕಚೇರಿಯಿಂದ ತಪ್ಪಾಗಿದೆ. ನೀರು ನಿಲ್ಲಿಸಿದ್ದು ನನ್ನ ತೀರ್ಮಾನ. ಕ್ಷಮಿಸಿ.’

ಮಧ್ಯಾಹ್ನ ಮೈಕು ಕಟ್ಟಿದ ಗಾಡಿ ಅದನ್ನು ಬೀದಿ ಬೀದಿಯಲ್ಲಿ ಸಾರಿತು. ಆಡಿಕೊಂಡು ನಕ್ಕವರು ಬೇಕಾದಷ್ಟು ಜನ. ಸಂಜೆ ಮನೆ ಸೇರಿದಾಗ ಅತ್ತೆ ಅಡುಗೆಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಿಸುತ್ತಿದ್ದರು.

“ಪಕ್ಕದ್ಮನೆಯವಳು ಬಂದಿದ್ಲು,” ಎಂದರು ತಿರುಗಿ ನೋಡದೆ. “ನಿಜವಾಗ್ಲೂ ಕುಡೀಬಹುದಾ ಅಂತ ಕೇಳಿದ್ಲು. ಧೈರ್ಯವಾಗಿ ಕುಡಿ, ಏನಾದ್ರೂ ಇದ್ದಿದ್ರೆ ನನ್ನ ಸೊಸೆ ಮುಚ್ಚಿಡ್ತಿರ್ಲಿಲ್ಲ ಅಂದೆ.”

ಎರಡು ದಿನದಿಂದ ತಡೆದುಕೊಂಡಿದ್ದ ಅಳು ಆಗ ಬಂತು.